ಗ್ಯಾರೇಜಿನ ನೆಲಕ್ಕೆ ವಿನೈಲ್ ಟೈಲ್ಸ್: ಹಾಸುವ ಮತ್ತು ಕಾಪಾಡಿಕೊಳ್ಳುವ ಕ್ರಮ

ಗ್ಯಾರೇಜಿಗೆ ವಿನೈಲ್ ಟೈಲ್ಸ್ ಹಾಸಲು ಹೊರಡುವವರು ಸಾಮಾನ್ಯವಾಗಿ ಮೊದಲು ಬಣ್ಣವನ್ನು ಆರಿಸುತ್ತಾರೆ, ಆಮೇಲೆ ಅಂಟನ್ನು ಕೊಳ್ಳುತ್ತಾರೆ, ಕೊನೆಗೆ ನೆಲವನ್ನೊಮ್ಮೆ ಗುಡಿಸಿ ಕೆಲಸ ಶುರುಮಾಡುತ್ತಾರೆ. ಈ ಕ್ರಮ ತಲೆಕೆಳಗಾದದ್ದು. ಮೊದಲು ಪರೀಕ್ಷಿಸಬೇಕಾದದ್ದು ಕೆಳಗಿರುವ ಕಾಂಕ್ರೀಟನ್ನು. ಆಮೇಲೆ ಯೋಚಿಸಬೇಕಾದದ್ದು ಮೇಲೆ ನಿಲ್ಲುವ ಟೈರುಗಳ ಬಗ್ಗೆ. ಇವೆರಡೂ ಸ್ಪಷ್ಟವಾದ ಮೇಲೆ ಯಾವ ಟೈಲು, ಯಾವ ಅಂಟು ಎಂಬುದು ಬಹುಮಟ್ಟಿಗೆ ತಾನಾಗಿಯೇ ತೀರ್ಮಾನವಾಗುತ್ತದೆ. ಟೈಲು ಕೂರಿಸುವುದು ಒಂದೆರಡು ದಿನಗಳ ಕೆಲಸ, ತಾಳ್ಮೆಯಿರುವ ಯಾರು ಬೇಕಾದರೂ ಕಲಿಯಬಹುದಾದದ್ದು. ಆ ನೆಲ ಹಲವು ವರ್ಷ ಬಾಳುತ್ತದೆಯೋ ಅಥವಾ ಕೆಲವೇ ತಿಂಗಳಲ್ಲಿ ಅಂಚು ಬಿಟ್ಟು ಏಳುತ್ತದೆಯೋ ಎಂಬುದು ಅದಕ್ಕೂ ಮುಂಚಿನ ಸಿದ್ಧತೆಯಲ್ಲೇ ನಿರ್ಧಾರವಾಗಿರುತ್ತದೆ.

ಮನೆಯೊಳಗಿನ ಕೋಣೆಗೂ ಗ್ಯಾರೇಜಿಗೂ ಇರುವ ವ್ಯತ್ಯಾಸವನ್ನು ಮೊದಲು ಮನಸ್ಸಿಗೆ ತಂದುಕೊಳ್ಳಬೇಕು. ಗ್ಯಾರೇಜಿನ ಕಾಂಕ್ರೀಟ್ ಹಾಸು ನೇರವಾಗಿ ಮಣ್ಣಿನ ಮೇಲೆ ಕೂತಿರುತ್ತದೆ, ಅದರ ಕೆಳಗೆ ತೇವ ತಡೆಯುವ ಪ್ಲಾಸ್ಟಿಕ್ ಹಾಳೆ ಇರುವುದು ಖಚಿತವಲ್ಲ, ಬಾಗಿಲು ತೆರೆದರೆ ಬಿಸಿಲೂ ಮಳೆನೀರೂ ಒಳಗೆ ಬರುತ್ತವೆ, ಮತ್ತು ಒಂದು ಟನ್ನಿಗೂ ಮೀರಿದ ಭಾರ ನಾಲ್ಕು ಅಂಗೈಯಗಲದ ಜಾಗಗಳ ಮೇಲೆ ಗಂಟೆಗಟ್ಟಲೆ ನಿಂತಿರುತ್ತದೆ. ಕೋಣೆಯ ನೆಲಕ್ಕೆ ಸಾಕಾಗುವ ಕ್ರಮ ಇಲ್ಲಿ ಸಾಕಾಗದಿರುವುದಕ್ಕೆ ಕಾರಣ ಇದೇ.

ಯಾವ ಬಗೆಯ ಟೈಲು

ಮಾರುಕಟ್ಟೆಯಲ್ಲಿ ವಿನೈಲ್ ಟೈಲ್ ಎಂಬ ಒಂದೇ ಹೆಸರಿನಡಿ ಬೇರೆಬೇರೆ ವಸ್ತುಗಳಿವೆ. ಮೊದಲನೆಯದು ವಿನೈಲ್ ಕಾಂಪೋಸಿಷನ್ ಟೈಲ್, ಸಂಕ್ಷೇಪವಾಗಿ ವಿಸಿಟಿ. ಶಾಲೆ, ಆಸ್ಪತ್ರೆ, ದೊಡ್ಡ ಅಂಗಡಿಗಳ ಓಣಿಗಳಲ್ಲಿ ಕಾಣುವ, ಸಾಮಾನ್ಯವಾಗಿ 12 ಅಂಗುಲ ಚೌಕದ, 1/8 ಅಂಗುಲ ದಪ್ಪದ ಟೈಲು ಇದು. ಇದರಲ್ಲಿ ಹೆಚ್ಚಿನ ಪಾಲು ಸುಣ್ಣದಕಲ್ಲಿನ ಪುಡಿ. ಅದನ್ನು ಹಿಡಿದಿಡುವ ಬಂಧಕವಾಗಿ ಮಾತ್ರ ಪಿವಿಸಿ ಎಂಬ ವಿನೈಲ್ ಪ್ಲಾಸ್ಟಿಕ್ ಇರುತ್ತದೆ. ಹಾಗಾಗಿ ಇದು ಗಟ್ಟಿ, ಅಗ್ಗ, ಬಣ್ಣ ಮೇಲಿನಿಂದ ತಳದವರೆಗೂ ಒಂದೇ ಸಮ, ಗೀಚು ಬಿದ್ದರೂ ಒಳಗಿನಿಂದ ಬೇರೆ ಬಣ್ಣ ಇಣುಕುವುದಿಲ್ಲ. ಆದರೆ ಅದರ ಮೈ ಸೂಕ್ಷ್ಮರಂಧ್ರಗಳಿಂದ ಕೂಡಿದ್ದು, ಪಾಲಿಶ್ ಹಚ್ಚದಿದ್ದರೆ ಕೊಳೆಯನ್ನೂ ಎಣ್ಣೆಯನ್ನೂ ಹೀರಿಕೊಳ್ಳುತ್ತದೆ. ಎರಡನೆಯದು ಒಂದಕ್ಕೊಂದು ಹಲ್ಲು ಕಚ್ಚಿಕೊಂಡು ಕೂರುವ ದಪ್ಪನೆಯ ಪಿವಿಸಿ ಟೈಲು, ಅಂದರೆ ಕಚ್ಚು ಟೈಲು. ಇದಕ್ಕೆ ಅಂಟು ಬೇಕಿಲ್ಲ. ಮೂರನೆಯದು ಹಿಂಬದಿಯ ಕಾಗದ ಸುಲಿದು ಅಂಟಿಸುವ ತೆಳು ಟೈಲು. ಈ ಮೂರನೆಯದನ್ನು ವಾಹನ ನಿಲ್ಲುವ ಜಾಗಕ್ಕೆ ನಾನು ಯಾರಿಗೂ ಸೂಚಿಸುವುದಿಲ್ಲ; ಟೈರು ತಿರುಗುವಾಗ ಉಂಟಾಗುವ ಎಳೆತವನ್ನೂ ಬೇಸಿಗೆಯ ಕಾವನ್ನೂ ಅದರ ಅಂಟು ತಡೆಯುವುದಿಲ್ಲ.

ಉಳಿದ ಎರಡರಲ್ಲಿ ಆಯ್ಕೆ ಹೇಗೆ? ಕಾಂಕ್ರೀಟ್ ಒಣಗಿದ್ದು, ಗಟ್ಟಿಯಾಗಿದ್ದು, ನೀವು ಪಾಲಿಶ್ ಕೆಲಸಕ್ಕೆ ವರ್ಷಕ್ಕೊಂದೆರಡು ದಿನ ಮೀಸಲಿಡಲು ಸಿದ್ಧರಿದ್ದರೆ ವಿಸಿಟಿಗಿಂತ ಚೆಲುವಾದ, ಸಪಾಟಾದ, ಮೇಲೆ ಉರುಳುಗಾಲಿಯ ಪೆಟ್ಟಿಗೆಗಳನ್ನು ಸಲೀಸಾಗಿ ಓಡಿಸಬಹುದಾದ ನೆಲ ಈ ವೆಚ್ಚಕ್ಕೆ ಸಿಗುವುದು ಕಷ್ಟ. ಕಾಂಕ್ರೀಟಿನಲ್ಲಿ ತೇವ ಏರುತ್ತಿದ್ದರೆ ಕಚ್ಚು ಟೈಲೇ ಸರಿ; ಅದು ನೆಲಕ್ಕೆ ಅಂಟಿಕೊಳ್ಳುವುದಿಲ್ಲವಾದ್ದರಿಂದ ತೇವ ಅದನ್ನು ಕೀಳಲಾರದು, ಕೆಳಗೆ ನೀರು ಸೇರಿದರೆ ಬಿಚ್ಚಿ ಒಣಗಿಸಿ ಮತ್ತೆ ಜೋಡಿಸಬಹುದು. ಈ ಬರಹದ ಬಹುಭಾಗ ವಿಸಿಟಿಯ ಕುರಿತಾಗಿದೆ, ಏಕೆಂದರೆ ಎಚ್ಚರ ಬೇಕಾದದ್ದು ಅದಕ್ಕೇ.

ಕಾಂಕ್ರೀಟಿನ ತೇವ

ಹೊಸದಾಗಿ ಸುರಿದ ಕಾಂಕ್ರೀಟ್ 28 ದಿನಗಳಲ್ಲಿ ಬಲ ಪಡೆಯುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಆದರೆ ಬಲ ಪಡೆಯುವುದು ಬೇರೆ, ಒಣಗುವುದು ಬೇರೆ. ಒಂದು ಅಂಗುಲ ದಪ್ಪಕ್ಕೆ ಸುಮಾರು ಒಂದು ತಿಂಗಳು ಎಂಬುದು ಒಣಗುವಿಕೆಗೆ ರೂಢಿಯಲ್ಲಿರುವ ಲೆಕ್ಕ. ಅಂದರೆ ನಾಲ್ಕು ಅಂಗುಲದ ಹಾಸಿಗೆ ನಾಲ್ಕು ತಿಂಗಳು, ಅದೂ ಮೇಲ್ಮೈಗೆ ಮತ್ತೆ ನೀರು ಬೀಳದಿದ್ದರೆ. ಹಳೆಯ ಕಾಂಕ್ರೀಟು ತಾನಾಗಿ ಒಣಗಿದ್ದರೂ ಕೆಳಗಿನ ಮಣ್ಣಿನಿಂದ ತೇವ ಆವಿಯ ರೂಪದಲ್ಲಿ ನಿರಂತರವಾಗಿ ಮೇಲೇರುತ್ತಿರಬಹುದು. ನೆಲ ತೆರೆದಿರುವಷ್ಟು ದಿನ ಆ ಆವಿ ಕಣ್ಣಿಗೆ ಕಾಣದೆ ಗಾಳಿಗೆ ಸೇರುತ್ತದೆ. ಟೈಲು ಹಾಸಿದ ಮೇಲೆ ಅದಕ್ಕೆ ದಾರಿಯಿಲ್ಲ. ಅದು ಟೈಲಿನಡಿ ಸೇರಿ, ಕಾಂಕ್ರೀಟಿನ ಕ್ಷಾರವನ್ನೂ ತನ್ನೊಡನೆ ತಂದು, ಅಂಟನ್ನು ಮೆತ್ತಗಾಗಿಸುತ್ತದೆ. ಸಂದುಗಳಲ್ಲಿ ಅಂಟು ಒಸರುವುದು, ಅಂಚುಗಳಲ್ಲಿ ಬಿಳಿ ಉಪ್ಪು ಕಾಣುವುದು, ಟೈಲಿನ ಮೂಲೆಗಳು ಮೇಲೇಳುವುದು ಇದರ ಲಕ್ಷಣಗಳು.

ಮನೆಯಲ್ಲೇ ಮಾಡಬಹುದಾದ ಮೊದಲ ಪರೀಕ್ಷೆ ಸರಳವಾದದ್ದು. 18 ಅಂಗುಲ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನೆಲದ ಮೇಲೆ ಹರಡಿ, ನಾಲ್ಕೂ ಅಂಚುಗಳನ್ನು ಗಾಳಿಯಾಡದಂತೆ ಟೇಪಿನಿಂದ ಮುಚ್ಚಿ, ಕನಿಷ್ಠ 16 ಗಂಟೆ ಬಿಡಬೇಕು. ತೆಗೆದಾಗ ಹಾಳೆಯ ಒಳಮೈಯಲ್ಲಿ ಹನಿಗಳಿದ್ದರೆ, ಅಥವಾ ಕಾಂಕ್ರೀಟ್ ಸುತ್ತಲಿನದಕ್ಕಿಂತ ಕಪ್ಪಾಗಿ ಕಂಡರೆ, ತೇವ ಏರುತ್ತಿದೆ ಎಂದರ್ಥ. ಒಂದೇ ಜಾಗದಲ್ಲಿ ನೋಡಿ ಬಿಡಬಾರದು. ಬಾಗಿಲ ಬಳಿ, ನಡುವೆ, ಮತ್ತು ಮಣ್ಣಿಗೆ ತಾಗಿದ ಗೋಡೆಯ ಪಕ್ಕ, ಹೀಗೆ ಮೂರು ನಾಲ್ಕು ಕಡೆ ನೋಡಬೇಕು. ನಾನು ಮೊದಲ ಬಾರಿ ಹಾಸಿದ ಗ್ಯಾರೇಜಿನಲ್ಲಿ ನಡುವೆ ಮಾತ್ರ ಪರೀಕ್ಷಿಸಿ ತೃಪ್ತನಾದೆ. ಹಿಂಬದಿಯ ಗೋಡೆಯ ಉದ್ದಕ್ಕೂ ಎರಡು ಸಾಲು ಟೈಲುಗಳು ಒಂದೇ ವರ್ಷದಲ್ಲಿ ಕಿತ್ತುಬಂದವು. ಆ ಗೋಡೆಯ ಆಚೆ ಹೂವಿನ ಪಾತಿಯಿತ್ತು, ದಿನವೂ ಅದಕ್ಕೆ ನೀರು ಬೀಳುತ್ತಿತ್ತು.

ಈ ಪರೀಕ್ಷೆಗೆ ಒಂದು ಮಿತಿಯಿದೆ. ಹನಿ ಕಂಡರೆ ತೇವ ಇರುವುದು ಖಚಿತ, ಆದರೆ ಹನಿ ಕಾಣಲಿಲ್ಲವೆಂದರೆ ತೇವವೇ ಇಲ್ಲವೆಂದು ಹೇಳಲಾಗದು. ಒಣ ಹವೆಯ ದಿನಗಳಲ್ಲಿ ಮಾಡಿದ ಪರೀಕ್ಷೆ ಮಳೆಗಾಲದ ಸ್ಥಿತಿಯನ್ನು ತೋರಿಸುವುದಿಲ್ಲ. ಅನುಮಾನವಿದ್ದರೆ ಅಳತೆ ಸಿಗುವ ಪರೀಕ್ಷೆಗಳಿಗೆ ಹೋಗಬೇಕು. ಕ್ಯಾಲ್ಸಿಯಂ ಕ್ಲೋರೈಡ್ ತುಂಬಿದ ಪುಟ್ಟ ಬಟ್ಟಲನ್ನು ಗುಮ್ಮಟದಡಿ ಮುಚ್ಚಿ 60ರಿಂದ 72 ಗಂಟೆ ಇಟ್ಟು, ಅದು ಹೀರಿದ ತೇವದ ತೂಕದಿಂದ ಲೆಕ್ಕ ಹಾಕುವುದು ಒಂದು ವಿಧಾನ. 1000 ಚದರಡಿಗೆ 24 ಗಂಟೆಯಲ್ಲಿ 3 ಪೌಂಡ್ ಎಂಬುದು ಇದರಲ್ಲಿ ಬಹುಕಾಲದಿಂದ ಬಂದಿರುವ ಮಿತಿ. ಕಾಂಕ್ರೀಟಿನ ದಪ್ಪದ ಶೇಕಡಾ 40ರಷ್ಟು ಆಳಕ್ಕೆ ರಂಧ್ರ ಕೊರೆದು, ಅದರೊಳಗಿನ ಸಾಪೇಕ್ಷ ಆರ್ದ್ರತೆಯನ್ನು ಅಳೆಯುವುದು ಇನ್ನೊಂದು ವಿಧಾನ, ಮತ್ತು ಹೆಚ್ಚು ನಂಬಬಹುದಾದದ್ದು. ಯಾವ ಅಂಕಿಯವರೆಗೆ ಅಂಟು ತಡೆಯುತ್ತದೆ ಎಂಬುದನ್ನು ಅಂಟಿನ ಡಬ್ಬಿಯ ಮೇಲೆ ಮುದ್ರಿಸಿರುತ್ತಾರೆ. ಆ ಅಂಕಿಯನ್ನು ಮೀರಿದರೆ ತೇವ ತಡೆಯುವ ಎಪಾಕ್ಸಿ ಲೇಪ ಕೊಡಬೇಕು, ಇಲ್ಲವೇ ವಿಸಿಟಿಯ ಆಸೆ ಬಿಟ್ಟು ಕಚ್ಚು ಟೈಲಿಗೆ ಹೋಗಬೇಕು.

ನೆಲದ ಸಿದ್ಧತೆ

ನೆಲದ ಮೇಲೆ ಮೊದಲೇ ಹಳೆಯ ಟೈಲುಗಳಿದ್ದರೆ, ಅದರಲ್ಲೂ 9 ಅಂಗುಲ ಚೌಕದವು ಮತ್ತು ಅವುಗಳ ಕೆಳಗಿನ ಕಪ್ಪು ಡಾಂಬರು ಬಗೆಯ ಅಂಟು ಇದ್ದರೆ, ಉಜ್ಜುವುದಕ್ಕೂ ಒಡೆಯುವುದಕ್ಕೂ ಕೈ ಹಾಕಬೇಡಿ. 1980ರ ದಶಕದವರೆಗೆ ತಯಾರಾದ ಇಂಥ ಟೈಲುಗಳಲ್ಲೂ ಅಂಟಿನಲ್ಲೂ ಆಸ್‌ಬೆಸ್ಟಾಸ್ ನಾರು ಇರುವ ಸಾಧ್ಯತೆ ಹೆಚ್ಚು. ಅಲುಗದೆ ಇದ್ದಾಗ ಅದು ಅಪಾಯಕಾರಿಯಲ್ಲ. ಪುಡಿಯಾಗಿ ಉಸಿರಿಗೆ ಸೇರಿದಾಗ ಶ್ವಾಸಕೋಶಕ್ಕೆ ಮಾರಕ. ಚೂರೊಂದನ್ನು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿಯೇ ಮುಂದುವರಿಯಬೇಕು.

ತೆರೆದ ಕಾಂಕ್ರೀಟಿನಲ್ಲಿ ಮೊದಲ ಶತ್ರು ಎಣ್ಣೆ. ವರ್ಷಗಳಿಂದ ಎಂಜಿನ್ ಎಣ್ಣೆ ತೊಟ್ಟಿಕ್ಕಿದ ಜಾಗ ಮೇಲೆ ಸ್ವಚ್ಛವಾಗಿ ಕಂಡರೂ ಒಳಗೆ ಎಣ್ಣೆ ಕುಡಿದಿರುತ್ತದೆ. ಜಿಡ್ಡು ತೆಗೆಯುವ ಕ್ಷಾರೀಯ ದ್ರಾವಣವನ್ನು ಸುರಿದು, ಗಟ್ಟಿ ಬ್ರಷ್ಷಿನಿಂದ ತಿಕ್ಕಿ, ಸಾಕಷ್ಟು ನೀರಿನಿಂದ ತೊಳೆದು, ಇದನ್ನೇ ಎರಡು ಮೂರು ಸಲ ಮಾಡಬೇಕು. ಒಣಗಿದ ಮೇಲೆ ಆ ಜಾಗದ ಮೇಲೆ ನೀರಿನ ಕೆಲವು ಹನಿಗಳನ್ನು ಬಿಡಿ. ನೀರು ಬೇಗ ಇಂಗಿ ಕಾಂಕ್ರೀಟ್ ಕಪ್ಪಾದರೆ ಅಂಟು ಹಿಡಿಯುತ್ತದೆ. ಕೆಸುವಿನ ಎಲೆಯ ಮೇಲಿನಂತೆ ಮುತ್ತಾಗಿ ನಿಂತರೆ ಎಣ್ಣೆಯೋ ಹಳೆಯ ಸೀಲರ್ ಲೇಪವೋ ಇನ್ನೂ ಉಳಿದಿದೆ. ಹಾಗಿದ್ದಲ್ಲಿ ಮೇಲ್ಮೈಯನ್ನು ಯಂತ್ರದಿಂದ ಉಜ್ಜಿ ತೆಗೆಯುವುದೇ ದಾರಿ. ಆಮ್ಲ ಸುರಿದು ಕೊರೆಸುವ ಪದ್ಧತಿಯೂ ಇದೆ, ಆದರೆ ಅದರ ಹಬೆ ಗ್ಯಾರೇಜಿನಲ್ಲಿರುವ ಕಬ್ಬಿಣದ ಸಾಮಾನುಗಳಿಗೆಲ್ಲ ತುಕ್ಕು ಹಿಡಿಸುತ್ತದೆ, ಎಣ್ಣೆ ಕುಡಿದ ಜಾಗದಲ್ಲಿ ಅದು ಕೆಲಸವನ್ನೂ ಮಾಡುವುದಿಲ್ಲ, ಮತ್ತು ಸರಿಯಾಗಿ ತೊಳೆಯದೆ ಉಳಿದರೆ ಅಂಟನ್ನು ಕೆಡಿಸುತ್ತದೆ. ಯಂತ್ರ ಬಳಸುವಾಗ ದೂಳು ಹೀರುವ ಜೋಡಣೆಯೂ ಒಳ್ಳೆಯ ಮುಖಗವಸೂ ಕಡ್ಡಾಯ. ಕಾಂಕ್ರೀಟಿನ ದೂಳಿನಲ್ಲಿರುವ ಸಿಲಿಕಾ ಶ್ವಾಸಕೋಶಕ್ಕೆ ಶಾಶ್ವತ ಹಾನಿ ಮಾಡುತ್ತದೆ.

ಮುಂದಿನದು ಮಟ್ಟ. ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು: ಗ್ಯಾರೇಜಿನ ನೆಲ ಸಪಾಟಾಗಿರಬೇಕೇ ಹೊರತು ಸಮಮಟ್ಟವಾಗಿರಬೇಕಿಲ್ಲ. ನೀರು ಬಾಗಿಲಿನತ್ತ ಹರಿದುಹೋಗಲೆಂದು ಕಟ್ಟುವಾಗಲೇ ಕೊಟ್ಟ ವಾಟ ಅಲ್ಲಿರುತ್ತದೆ, ಸಾಮಾನ್ಯವಾಗಿ ಅಡಿಗೆ 1/8ರಿಂದ 1/4 ಅಂಗುಲದಷ್ಟು. ತಾನಾಗಿ ಹರಡಿ ಸಮನಾಗುವ ಗಾರೆಯನ್ನು ಸುರಿದು ಆ ವಾಟವನ್ನು ಮುಚ್ಚಿದರೆ ಟೈಲಿನ ಮೇಲೆ ಬಿದ್ದ ನೀರಿಗೆ ಹೋಗಲು ದಾರಿಯೇ ಇರುವುದಿಲ್ಲ. ಆದ್ದರಿಂದ ಹತ್ತು ಅಡಿ ಉದ್ದದ ನೇರ ಪಟ್ಟಿಯನ್ನು ನೆಲದ ಮೇಲಿಟ್ಟು ನೋಡಿ, ಅದರ ಕೆಳಗೆ 3/16 ಅಂಗುಲಕ್ಕಿಂತ ಹೆಚ್ಚು ಸಂದು ಕಾಣುವ ತಗ್ಗುಗಳನ್ನು ಮಾತ್ರ ತುಂಬಿ, ಉಬ್ಬುಗಳನ್ನು ಉಜ್ಜಿ ತೆಗೆದರೆ ಸಾಕು. ತುಂಬಲು ಬಳಸುವ ಪುಡಿ ಸಿಮೆಂಟ್ ಆಧಾರಿತವಾಗಿರಬೇಕು. ಜಿಪ್ಸಮ್ ಆಧಾರಿತವಾದದ್ದು ತೇವಕ್ಕೆ ಮೆತ್ತಗಾಗಿ ಪುಡಿಯಾಗುತ್ತದೆ. ವಿಸಿಟಿ ತೆಳುವಾದ್ದರಿಂದ ಕೆಳಗಿನ ಸಣ್ಣ ಕಲ್ಲಿನ ಚೂರು, ಕರಣೆಯ ಗೆರೆ ಎಲ್ಲವೂ ಕೆಲವು ದಿನಗಳಲ್ಲಿ ಮೇಲ್ಮೈಯಲ್ಲಿ ಅಚ್ಚಾಗಿ ಮೂಡುತ್ತವೆ, ಪಾಲಿಶ್ ಹಚ್ಚಿದ ಮೇಲಂತೂ ಇನ್ನಷ್ಟು ಎದ್ದು ಕಾಣುತ್ತವೆ.

ಬಿರುಕುಗಳಲ್ಲಿ ಎರಡು ಬಗೆ. ಕೂದಲೆಳೆಯಷ್ಟು ತೆಳುವಾಗಿದ್ದು ಎರಡೂ ಬದಿ ಒಂದೇ ಮಟ್ಟದಲ್ಲಿದ್ದರೆ ತುಂಬಿ ಮುಂದುವರಿಯಬಹುದು. ಒಂದು ಬದಿ ಎತ್ತರ, ಇನ್ನೊಂದು ತಗ್ಗು ಎಂದಿದ್ದರೆ ನೆಲ ಚಲಿಸುತ್ತಿದೆ, ಅದರ ಮೇಲೆ ಹಾಸಿದ ಟೈಲು ಅದೇ ಗೆರೆಯಲ್ಲಿ ಬಿರಿಯುತ್ತದೆ. ಕಾಂಕ್ರೀಟು ಹಿಗ್ಗಲೆಂದು ಬಿಟ್ಟ ಸಂದುಗಳ ಮೇಲೂ ಟೈಲನ್ನು ಅಡ್ಡ ಹಾಸಬಾರದು. ಅಲ್ಲಿ ಟೈಲನ್ನು ಸಂದಿನ ಗೆರೆಗೆ ಕತ್ತರಿಸಿ ನಿಲ್ಲಿಸಿ, ಸಂದನ್ನು ಬಾಗುವ ಗುಣದ ಸೀಲಂಟಿನಿಂದ ತುಂಬಬೇಕು.

ಲೆಕ್ಕ ಮತ್ತು ಗೆರೆ

12 ಅಡಿ ಅಗಲ, 20 ಅಡಿ ಉದ್ದದ ಒಂದು ಕಾರಿನ ಗ್ಯಾರೇಜು ಎಂದಿಟ್ಟುಕೊಳ್ಳಿ. 240 ಚದರಡಿ, ಒಂದು ಅಡಿಯ ಟೈಲಾದ್ದರಿಂದ 240 ಟೈಲುಗಳು. ಕತ್ತರಿಸುವಾಗಿನ ನಷ್ಟಕ್ಕೆ ಶೇಕಡಾ 10 ಸೇರಿಸಿದರೆ 264. ಪೆಟ್ಟಿಗೆಗೆ 45 ಟೈಲುಗಳಿದ್ದರೆ ಆರು ಪೆಟ್ಟಿಗೆ. ಇದರ ಮೇಲೆ ಇನ್ನೂ ಒಂದು ಪೆಟ್ಟಿಗೆ ಕೊಂಡು ಎತ್ತಿಡಿ ಎಂಬುದು ನನ್ನ ಬಲವಾದ ಸಲಹೆ. ಐದು ವರ್ಷದ ನಂತರ ಅದೇ ಬಣ್ಣ ಹುಡುಕಿದರೆ ಸಿಗುವ ಭರವಸೆಯಿಲ್ಲ. ಎಲ್ಲ ಪೆಟ್ಟಿಗೆಗಳ ಮೇಲಿನ ತಯಾರಿಕೆಯ ತಂಡದ (ಬ್ಯಾಚಿನ) ಸಂಖ್ಯೆ ಒಂದೇ ಆಗಿದೆಯೇ ಎಂದು ಅಂಗಡಿಯಲ್ಲೇ ನೋಡಿಕೊಳ್ಳಬೇಕು, ಏಕೆಂದರೆ ಒಂದು ತಂಡದಿಂದ ಇನ್ನೊಂದಕ್ಕೆ ಬಣ್ಣದ ಛಾಯೆ ಬದಲಾಗುತ್ತದೆ. ಟೈಲು ಮತ್ತು ಅಂಟು ಎರಡನ್ನೂ ಹಾಸುವ ಜಾಗದಲ್ಲೇ 48 ಗಂಟೆ ಇಟ್ಟಿರಬೇಕು. ಆಗಲೂ, ಹಾಸುವಾಗಲೂ, ಹಾಸಿದ ನಂತರದ ಎರಡು ದಿನವೂ ಹವೆಯ ಉಷ್ಣಾಂಶ 18ರಿಂದ 29 ಡಿಗ್ರಿ ಸೆಲ್ಸಿಯಸ್ ಒಳಗಿರಬೇಕು. ತಣ್ಣಗಿರುವ ಟೈಲು ಕತ್ತರಿಸುವಾಗ ಸಿಡಿದು ಮುರಿಯುತ್ತದೆ. ಅತಿ ಬಿಸಿಯಲ್ಲಿ ಹಾಸಿದ್ದು ತಣಿದಾಗ ಕುಗ್ಗಿ ಸಂದು ಬಿಡುತ್ತದೆ.

ಕೋಣೆಯೊಳಗೆ ನಡುವಿನಿಂದ ಹಾಸಲು ಆರಂಭಿಸುವುದು ರೂಢಿ. ಗ್ಯಾರೇಜಿನಲ್ಲಿ ಅಡ್ಡಗಲದ ನಡುಗೆರೆಯನ್ನು ಹಿಡಿದುಕೊಂಡರೂ, ಉದ್ದದ ದಿಕ್ಕಿನಲ್ಲಿ ಬಾಗಿಲ ಕಡೆಯಿಂದಲೇ ಪೂರ್ಣ ಟೈಲುಗಳ ಸಾಲಿನೊಂದಿಗೆ ಆರಂಭಿಸುವುದು ಮೇಲು. ವಾಹನ ಒಳಬರುವಾಗ ಮೊದಲ ಹೊಡೆತ ಬೀಳುವುದು ಅಲ್ಲಿಯೇ. ಆ ಜಾಗದಲ್ಲಿ ಎರಡು ಅಂಗುಲದ ಕತ್ತರಿಸಿದ ತುಂಡು ನಿಲ್ಲುವುದಿಲ್ಲ. ಮೊದಲ ಸಾಲನ್ನು ಮುಚ್ಚಿದ ಬಾಗಿಲಿನ ರಬ್ಬರ್ ಪಟ್ಟಿಯ ಒಳಬದಿಗೆ ನಿಲ್ಲಿಸಿದರೆ ಮಳೆನೀರೂ ದಿನವಿಡೀ ಸುಡುವ ಬಿಸಿಲೂ ಅದನ್ನು ಮುಟ್ಟುವುದಿಲ್ಲ. ತೆರೆದ ಅಂಚಿಗೆ ಇಳಿಜಾರಿರುವ ಅಲ್ಯೂಮಿನಿಯಂ ಪಟ್ಟಿಯನ್ನು ಕಾಂಕ್ರೀಟಿಗೆ ತಿರುಪಿನಿಂದ ಬಿಗಿದು ರಕ್ಷಣೆ ಕೊಡಬೇಕು.

ಗೆರೆಗಳು ಒಂದಕ್ಕೊಂದು ಲಂಬವಾಗಿರುವುದೇ ಇಡೀ ಕೆಲಸದ ಅಡಿಪಾಯ. ಗೋಡೆಯನ್ನು ನಂಬಬೇಡಿ, ಗೋಡೆಗಳು ನೇರವಾಗಿರುವುದು ಅಪರೂಪ. ಬಣ್ಣದ ಪುಡಿ ಹಚ್ಚಿದ ನೂಲು ಹೊಡೆದು ಒಂದು ಗೆರೆ ಹಾಕಿ, ಅದನ್ನು ಅಡ್ಡ ಹಾಯುವ ಇನ್ನೊಂದು ಗೆರೆ ಹಾಕಿ, ಇವು ಕೂಡುವ ಬಿಂದುವಿನಿಂದ ಒಂದರ ಮೇಲೆ 6 ಅಡಿ, ಇನ್ನೊಂದರ ಮೇಲೆ 8 ಅಡಿ ಗುರುತು ಮಾಡಿ. ಆ ಎರಡು ಗುರುತುಗಳ ನಡುವಿನ ಅಂತರ ಸರಿಯಾಗಿ 10 ಅಡಿ ಬಂದರೆ ಮೂಲೆ ಲಂಬವಾಗಿದೆ. ಅನಂತರ ಅಂಟಿಲ್ಲದೆ ಒಂದೊಂದು ಸಾಲನ್ನು ಎರಡೂ ದಿಕ್ಕಿಗೆ ಜೋಡಿಸಿ ನೋಡಬೇಕು. ಬದಿಯ ಗೋಡೆಗೆ ಅರ್ಧ ಟೈಲಿಗಿಂತ ಕಿರಿದಾದ ತುಂಡು ಬರುವಂತಿದ್ದರೆ ನಡುಗೆರೆಯನ್ನು ಅರ್ಧ ಟೈಲಿನಷ್ಟು ಪಕ್ಕಕ್ಕೆ ಸರಿಸಿದರೆ ಎರಡೂ ಬದಿಗೆ ಅಗಲವಾದ ತುಂಡುಗಳು ಬರುತ್ತವೆ.

ಅಂಟು ಮತ್ತು ಹಾಸುವಿಕೆ

ಅಂಟು ಬಳಿಯುವ ಮುನ್ನ ಗ್ಯಾರೇಜಿನಲ್ಲಿ ಉರಿಯುವ ದೀಪ, ನೀರು ಕಾಯಿಸುವ ಗ್ಯಾಸ್ ಉಪಕರಣದ ಪುಟ್ಟ ಜ್ವಾಲೆ ಮುಂತಾದವನ್ನು ಆರಿಸಿ, ಗಾಳಿಯಾಡಲು ಕಿಟಕಿ ತೆರೆಯಿರಿ. ವಿಸಿಟಿಗೆ ಬೇಕಾದದ್ದು ಒಣಗಿದಾಗ ಪಾರದರ್ಶಕವಾಗುವ, ತೆಳುವಾಗಿ ಹರಡುವ ಅಂಟು. ಅದನ್ನು ಹಲ್ಲಿರುವ ಕರಣೆಯಿಂದ ಎಳೆಯಬೇಕು. ಹಲ್ಲಿನ ಆಳ 1/32 ಅಂಗುಲದಷ್ಟು ಮಾತ್ರ ಇರುತ್ತದೆ. ಗೋಡೆಯ ಟೈಲ್ಸಿಗೆ ಬಳಸುವ ದೊಡ್ಡ ಹಲ್ಲಿನ ಕರಣೆಯಿಂದ ಎಳೆದರೆ ಅಂಟು ದಪ್ಪವಾಗಿ ನಿಂತು, ವಾರಗಟ್ಟಲೆ ಒಣಗದೆ, ಟೈರಿನ ಭಾರಕ್ಕೆ ಸಂದುಗಳಿಂದ ಮೇಲೆ ಉಕ್ಕುತ್ತದೆ. ಕಾಂಕ್ರೀಟಿಗೆ ಉಜ್ಜಿ ಉಜ್ಜಿ ಕರಣೆಯ ಹಲ್ಲು ಸವೆಯುವುದರಿಂದ ನಡುನಡುವೆ ನೋಡಿ ಹೊಸದನ್ನು ತೆಗೆದುಕೊಳ್ಳಬೇಕು.

ಹೊಸಬರು ತಪ್ಪುವುದು ಕಾಯುವಲ್ಲಿ. ಬಳಿದಾಗ ಬೆಳ್ಳಗಿರುವ ಅಂಟು ನಿಧಾನವಾಗಿ ತಿಳಿಯಾಗುತ್ತದೆ. ಬೆರಳಿನಿಂದ ಮುಟ್ಟಿದಾಗ ಜಿಗುಟು ಅನುಭವಕ್ಕೆ ಬರಬೇಕು, ಆದರೆ ಬೆರಳಿಗೆ ಅಂಟು ಮೆತ್ತಬಾರದು; ಆ ಹದ ಬಂದ ಮೇಲೆಯೇ ಟೈಲು ಇಡಬೇಕು. ಹವೆಯ ತೇವ ಹೆಚ್ಚಿದ್ದರೆ ಇದಕ್ಕೆ ಹೆಚ್ಚು ಹೊತ್ತು ಬೇಕು. ಹದ ಬಂದ ಮೇಲೆ ಅಂಟು ಎಷ್ಟು ಹೊತ್ತು ಕೆಲಸಕ್ಕೆ ಬರುತ್ತದೆ ಎಂಬುದನ್ನು ಡಬ್ಬಿಯ ಮೇಲೆ ನೋಡಿಕೊಂಡು, ಅಷ್ಟರಲ್ಲಿ ಮುಚ್ಚಬಹುದಾದ ಜಾಗಕ್ಕಷ್ಟೇ ಬಳಿಯಬೇಕು. ಗೆರೆ ಕಾಣುತ್ತಿರಬೇಕಾದ್ದರಿಂದ ಅಂಟನ್ನು ಗೆರೆಯ ಹತ್ತಿರದವರೆಗೆ ಮಾತ್ರ ತಂದು ನಿಲ್ಲಿಸಿ.

ಮೊದಲ ಟೈಲನ್ನು ಎರಡು ಗೆರೆಗಳು ಕೂಡುವ ಮೂಲೆಯಲ್ಲಿ ಇಟ್ಟು, ಅಲ್ಲಿಂದ ಮೆಟ್ಟಿಲಿನ ಆಕಾರದಲ್ಲಿ ಎರಡೂ ದಿಕ್ಕಿಗೆ ಬೆಳೆಸುತ್ತ ಹೋಗಬೇಕು; ಹೀಗೆ ಮಾಡಿದರೆ ಪ್ರತಿ ಹೊಸ ಟೈಲಿಗೆ ಒರಗಲು ಎರಡು ಅಂಚುಗಳು ಸಿಗುತ್ತವೆ, ಸಣ್ಣ ವ್ಯತ್ಯಾಸ ಒಂದೇ ಸಾಲಿನಲ್ಲಿ ಗುಡ್ಡೆಯಾಗುವುದಿಲ್ಲ. ಟೈಲನ್ನು ಜಾರಿಸಿ ತಳ್ಳಬಾರದು, ಜಾರಿಸಿದರೆ ಅಂಟು ಸಂದಿಗೆ ಸೇರಿ ಮೇಲೆ ಬರುತ್ತದೆ. ಎರಡು ಅಂಚುಗಳನ್ನು ಪಕ್ಕದ ಟೈಲಿಗೆ ತಾಗಿಸಿ, ಉಳಿದ ಭಾಗವನ್ನು ಹಾಗೆಯೇ ಕೆಳಗೆ ಬಿಡಬೇಕು. ಟೈಲಿನ ಮೈಯಲ್ಲಿ ಮರದ ಎಳೆಯಂತೆ ಒಂದು ದಿಕ್ಕಿನ ಛಾಯೆ ಇರುತ್ತದೆ. ಒಂದು ಬಿಟ್ಟು ಒಂದನ್ನು ಕಾಲು ಸುತ್ತು ತಿರುಗಿಸಿ ಇಟ್ಟರೆ ಸಣ್ಣ ಬಣ್ಣವ್ಯತ್ಯಾಸಗಳು ಮರೆಯಾಗುತ್ತವೆ.

ಗೋಡೆಯಂಚಿನ ತುಂಡಿಗೆ ಅಳತೆಪಟ್ಟಿ ಬೇಕಾಗಿಲ್ಲ. ಕೊನೆಯ ಪೂರ್ಣ ಟೈಲಿನ ಮೇಲೆ ಸರಿಯಾಗಿ ಇನ್ನೊಂದು ಟೈಲನ್ನು ಬಿಡಿಯಾಗಿ ಇಡಿ. ಅದರ ಮೇಲೆ ಮೂರನೆಯದನ್ನಿಟ್ಟು ಗೋಡೆಗೆ ತಾಗುವಂತೆ ಸರಿಸಿ. ಮೂರನೆಯದರ ಅಂಚು ಎಲ್ಲಿ ಬರುತ್ತದೆಯೋ ಅಲ್ಲಿ ನಡುವಿನ ಟೈಲಿನ ಮೇಲೆ ಗೆರೆ ಎಳೆಯಿರಿ. ಆ ಗೆರೆಯ ಮೇಲೆ ಹರಿತವಾದ ಚಾಕುವಿನಿಂದ ಎರಡು ಮೂರು ಸಲ ಗೀರಿ ಬಗ್ಗಿಸಿದರೆ ಟೈಲು ಚೊಕ್ಕವಾಗಿ ಮುರಿಯುತ್ತದೆ, ತೆರೆದು ಕಾಣುತ್ತಿದ್ದ ಭಾಗ ಆ ಜಾಗಕ್ಕೆ ಸರಿಯಾಗಿ ಕೂರುತ್ತದೆ. ಕೊಳವೆ, ಕಂಬಗಳ ಸುತ್ತಲಿನ ಬಾಗುಗಳಿಗೆ ರಟ್ಟಿನಲ್ಲಿ ಅಚ್ಚು ಕತ್ತರಿಸಿಕೊಂಡು, ಟೈಲನ್ನು ಬಿಸಿಗಾಳಿ ಊದುವ ಹೀಟ್ ಗನ್ನಿನಿಂದ ಬೆಚ್ಚಗೆ ಮಾಡಿದರೆ ಅದು ಚಕ್ಕಳದಂತೆ ಮೆತ್ತಗಾಗಿ ಚಾಕುವಿಗೆ ಬಗ್ಗುತ್ತದೆ.

ಎಲ್ಲ ಮುಗಿದ ಮೇಲೆ ಸುಮಾರು 45 ಕಿಲೋ ತೂಕದ ಉರುಳೆಯನ್ನು ಬಾಡಿಗೆಗೆ ತಂದು ಎರಡೂ ದಿಕ್ಕಿನಲ್ಲಿ ಉರುಳಿಸಬೇಕು. ಕಾಲಿನಿಂದ ತುಳಿಯುವುದು ಇದಕ್ಕೆ ಸಮನಲ್ಲ. 24 ಗಂಟೆ ಓಡಾಟ ಬೇಡ. ವಾಹನವನ್ನು ಒಂದು ವಾರ ಹೊರಗೇ ನಿಲ್ಲಿಸಿ. ನೀರಿನಿಂದ ತೊಳೆಯುವುದನ್ನು ಕನಿಷ್ಠ ಐದು ದಿನ ಮುಂದೂಡಿ, ಏಕೆಂದರೆ ಅಷ್ಟರೊಳಗೆ ಸಂದಿಗಿಳಿದ ನೀರು ಇನ್ನೂ ಗಟ್ಟಿಯಾಗದ ಅಂಟನ್ನು ಸಡಿಲಿಸುತ್ತದೆ.

ಕಚ್ಚು ಟೈಲು ಹಾಸುವವರಿಗೆ ಈ ಅಂಟಿನ ತಾಪತ್ರಯ ಇಲ್ಲ. ರಬ್ಬರ್ ಸುತ್ತಿಗೆಯಿಂದ ತಟ್ಟಿ ಹಲ್ಲು ಕೂರಿಸುತ್ತ ಹೋಗಬಹುದು. ಅವರು ಮರೆಯಬಾರದ ಒಂದು ಸಂಗತಿ ಎಂದರೆ ಪಿವಿಸಿ ಬಿಸಿಗೆ ಹಿಗ್ಗುತ್ತದೆ. ಗೋಡೆಗಳ ಸುತ್ತ ಕನಿಷ್ಠ 6 ಮಿಲಿಮೀಟರ್ ಸಂದು ಬಿಡದಿದ್ದರೆ ಬೇಸಿಗೆಯಲ್ಲಿ ನೆಲ ನಡುವೆ ಗುಡ್ಡೆಯಂತೆ ಉಬ್ಬುತ್ತದೆ.

ಪಾಲಿಶ್

ವಿಸಿಟಿಗೆ ಪಾಲಿಶ್ ಅಲಂಕಾರವಲ್ಲ, ಅದೇ ಅದರ ಚರ್ಮ. ಆರನೆಯ ದಿನ ತಟಸ್ಥ ಗುಣದ (ಆಮ್ಲವೂ ಅಲ್ಲದ, ಕ್ಷಾರವೂ ಅಲ್ಲದ) ಸೋಪಿನ ದ್ರಾವಣದಿಂದ ನೆಲವನ್ನು ಉಜ್ಜಿ, ಕಾರ್ಖಾನೆಯಿಂದ ಬಂದ ಪುಡಿಯನ್ನೂ ಅಂಟಿನ ಕಲೆಗಳನ್ನೂ ತೆಗೆದು, ಒರೆಸಿ ಪೂರ್ತಿ ಒಣಗಿಸಿ. ಬಳಿಕ ಅಕ್ರಿಲಿಕ್ ನೆಲದ ಪಾಲಿಶನ್ನು ಶುದ್ಧವಾದ ಮಾಪಿನಿಂದ ತೆಳುವಾಗಿ ಹಚ್ಚಬೇಕು. ಒಂದು ಪದರ ಒಣಗಲು ಅರ್ಧದಿಂದ ಮುಕ್ಕಾಲು ಗಂಟೆ. ಹೀಗೆ ಮೂರರಿಂದ ಐದು ಪದರ. ದಪ್ಪನೆಯ ಎರಡು ಪದರಕ್ಕಿಂತ ತೆಳುವಾದ ಐದು ಪದರ ಯಾವಾಗಲೂ ಗಟ್ಟಿ. ಪಾಲಿಶ್ ಹಚ್ಚಿದ ನೆಲ ಒದ್ದೆಯಾದಾಗ ಜಾರುತ್ತದೆ ಎಂಬುದನ್ನು ಮನೆಯವರೆಲ್ಲರಿಗೂ ಹೇಳಿರಬೇಕು, ವಯಸ್ಸಾದವರು ಆ ದಾರಿಯಲ್ಲಿ ಮನೆಯೊಳಗೆ ಹೋಗುವುದಾದರೆ ನಡೆಯುವ ಪಟ್ಟಿಗೆ ಜಾರದ ಗುಣದ ಪಾಲಿಶನ್ನೇ ಬಳಸಬೇಕು.

ಟೈರಿನ ಕಲೆ

ಕೆಲವು ತಿಂಗಳ ಬಳಿಕ ವಾಹನವನ್ನು ತೆಗೆದಾಗ ಟೈರು ನಿಂತಿದ್ದ ನಾಲ್ಕು ಕಡೆ ಹಳದಿ ಮಿಶ್ರಿತ ಕಂದು ಕಲೆ ಕಾಣುತ್ತದೆ, ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ಇದು ಕೊಳೆಯಲ್ಲ. ಗಾಳಿಯಲ್ಲಿರುವ ಓಝೋನ್ ರಬ್ಬರನ್ನು ಬಿರಿಯುವಂತೆ ಮಾಡದಿರಲೆಂದು ಟೈರಿಗೆ ಕೆಲವು ರಾಸಾಯನಿಕಗಳನ್ನು ಸೇರಿಸಿರುತ್ತಾರೆ; ಅವು ನಿಧಾನವಾಗಿ ಟೈರಿನ ಮೇಲ್ಮೈಗೆ ಬರುತ್ತಲೇ ಇರುವುದು ಅವುಗಳ ಕೆಲಸದ ರೀತಿಯೇ. ವಿನೈಲಿಗೆ ತಾಗಿದಾಗ ಅವು ಅದರೊಳಕ್ಕೆ ಇಳಿದು ಬಣ್ಣ ಬದಲಿಸುತ್ತವೆ. ಆಗತಾನೆ ಓಡಿಬಂದ ಬಿಸಿ ಟೈರಿನಿಂದ ಇದು ಇನ್ನೂ ಬೇಗ ಆಗುತ್ತದೆ, ಜೊತೆಗೆ ಬಿಸಿ ಟೈರು ಪಾಲಿಶಿನ ಪದರವನ್ನೂ ಮೆತ್ತಗಾಗಿಸಿ ಕಿತ್ತು ತರುತ್ತದೆ. ಪಾಲಿಶ್ ಇದನ್ನು ತಡಮಾಡುತ್ತದೆ, ತಡೆಯುವುದಿಲ್ಲ.

ಪರಿಹಾರ ಒಂದೇ: ಟೈರು ಮತ್ತು ಟೈಲಿನ ನಡುವೆ ಏನಾದರೂ ಇರಬೇಕು. ಟೈರು ನಿಲ್ಲುವ ಜಾಗಕ್ಕೆ ಪ್ಲೈವುಡ್ಡಿನ ಅಥವಾ ಪಾಲಿಪ್ರೊಪಿಲೀನ್ ಹಾಳೆಯ ತುಂಡುಗಳನ್ನು ಇಟ್ಟರೆ ಸಾಕು. ರಬ್ಬರ್ ಹಾಸನ್ನು ಮಾತ್ರ ಇಡಬೇಡಿ, ತಳಕ್ಕೆ ರಬ್ಬರ್ ಇರುವ ಕಾಲೊರೆಸುಗಳನ್ನೂ ಇಡಬೇಡಿ; ಅವೂ ಅದೇ ಕಲೆ ಮಾಡುತ್ತವೆ, ಹಾಸಿನ ಅಗಲಕ್ಕೂ. ನೆಲ ಆರಿಸುವಾಗಲೇ ಟೈರಿನ ಓಣಿಗೆ ಕಪ್ಪು ಅಥವಾ ಗಾಢ ಬೂದು ಬಣ್ಣದ ಟೈಲುಗಳನ್ನು ಹಾಸಿಬಿಡುವುದು ಇನ್ನೂ ಜಾಣತನ. ಅಚ್ಚ ಬಿಳಿಯ ನೆಲದ ಆಸೆ ಇರುವವರಿಗೆ ನಾನು ಇದನ್ನು ಎರಡು ಸಲ ಹೇಳುತ್ತೇನೆ.

ದಿನದಿನದ ಆರೈಕೆ

ನೆಲವನ್ನು ಸವೆಸುವುದು ಟೈರಿಗಿಂತ ಹೆಚ್ಚಾಗಿ ಟೈರಿಗಂಟಿ ಬರುವ ಮರಳು. ಮೆತ್ತನೆಯ ಕಸಬರಿಕೆಯಿಂದ ಆಗಾಗ ಗುಡಿಸುವುದು, ವಾರಕ್ಕೊಮ್ಮೆ ತಟಸ್ಥ ದ್ರಾವಣದಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಮಾಪಿನಿಂದ ಒರೆಸುವುದು ಸಾಕು. ಪೈಪು ಹಿಡಿದು ನೀರು ಹಾಯಿಸಬೇಡಿ. ಅಮೋನಿಯಾ ಅಥವಾ ಬಲವಾದ ಕ್ಷಾರವಿರುವ ದ್ರಾವಣಗಳು ಪಾಲಿಶನ್ನೇ ಕರಗಿಸುತ್ತವೆ. ಎಂಜಿನ್ ಎಣ್ಣೆ ಬಿದ್ದರೆ ಅದೇ ದಿನ ಒರೆಸಿದರೆ ತೊಂದರೆಯಿಲ್ಲ. ಪೆಟ್ರೋಲ್, ಬ್ರೇಕ್ ದ್ರವ, ಥಿನ್ನರ್‌ಗಳಿಗೆ ಮಾತ್ರ ನಿಮಿಷಗಳ ಲೆಕ್ಕ, ಅವು ಪಾಲಿಶನ್ನು ದಾಟಿ ಟೈಲನ್ನೂ ಮೆತ್ತಗಾಗಿಸುತ್ತವೆ. ಬ್ಯಾಟರಿಯ ಆಮ್ಲ ಚೆಲ್ಲಿದರೆ ಕೈಗವಸು ಹಾಕಿಕೊಂಡು ಮೊದಲು ಅಡಿಗೆ ಸೋಡಾ ಉದುರಿಸಿ, ನೊರೆ ನಿಂತ ಮೇಲೆ ಒರೆಸಬೇಕು.

ಜ್ಯಾಕ್, ಜ್ಯಾಕ್ ಸ್ಟ್ಯಾಂಡ್, ಮೋಟಾರ್ ಸೈಕಲ್ಲಿನ ಪಕ್ಕದ ಸ್ಟ್ಯಾಂಡ್ ಇವೆಲ್ಲ ಇಡೀ ಭಾರವನ್ನು ಒಂದು ಚುಕ್ಕಿಗೆ ತಂದು ನಿಲ್ಲಿಸುತ್ತವೆ. ಅಡಿಯಲ್ಲಿ ಒಂದಡಿ ಚೌಕದ ದಪ್ಪ ಪ್ಲೈವುಡ್ ಇಡದಿದ್ದರೆ ತಗ್ಗು ಬೀಳುತ್ತದೆ, ಆ ತಗ್ಗು ಮತ್ತೆ ಮೇಲೇಳುವುದಿಲ್ಲ. ಬೆಸುಗೆ ಹಾಕುವ ಕೆಲಸವನ್ನು ಈ ನೆಲದ ಮೇಲೆ ಮಾಡಲೇಬಾರದು.

ಹೊಳಪು ಕುಂದಿದಾಗ ಪ್ರತಿ ಸಲ ಹಳೆಯ ಪಾಲಿಶನ್ನು ಪೂರ್ತಿ ತೆಗೆಯಬೇಕಾಗಿಲ್ಲ. ಮೇಲಿನ ಪದರವನ್ನಷ್ಟೇ ಉಜ್ಜಿ, ತೊಳೆದು, ಒಣಗಿಸಿ ಒಂದೆರಡು ಹೊಸ ಪದರ ಹಚ್ಚಿದರೆ ವರ್ಷ ಕಳೆಯುತ್ತದೆ. ಹಳೆಯ ಪದರಗಳು ಹಳದಿಯಾಗಿ ಗೋಡೆಯಂಚುಗಳಲ್ಲಿ ಗುಡ್ಡೆಯಾದಾಗ ಮಾತ್ರ ಪಾಲಿಶ್ ತೆಗೆಯುವ ದ್ರಾವಣ ಬಳಸಿ. ಅದನ್ನೂ ಕೆರೆಯಂತೆ ನಿಲ್ಲಿಸದೆ ಸಣ್ಣ ಸಣ್ಣ ಜಾಗದಲ್ಲಿ ಹಾಕಿ, ಕೂಡಲೇ ಒರೆಸಿ ತೆಗೆಯಬೇಕು.

ಒಂದು ಟೈಲು ಒಡೆದರೆ ಅಥವಾ ಕಲೆಯಾದರೆ ಅದೊಂದನ್ನೇ ಬದಲಿಸಬಹುದು ಎಂಬುದು ಈ ನೆಲದ ಬಹುದೊಡ್ಡ ಅನುಕೂಲ. ಹೀಟ್ ಗನ್ನನ್ನು ಟೈಲಿನ ನಡುವಿನ ಮೇಲೆ ಆಡಿಸುತ್ತ ಬಿಸಿ ಮಾಡಿ, ಪಕ್ಕದ ಟೈಲುಗಳಿಗೆ ಕಾವು ತಾಗದಂತೆ ನೋಡಿಕೊಂಡು, ಪುಟ್ಟಿ ಚಾಕುವಿನಿಂದ ನಡುವಿನಿಂದ ಅಂಚಿನತ್ತ ಎಬ್ಬಿಸಬೇಕು. ಅಂಚಿನಿಂದ ಮೀಟಿದರೆ ಪಕ್ಕದ ಟೈಲಿನ ಮೂಲೆ ಮುರಿಯುತ್ತದೆ. ಕೆಳಗಿನ ಹಳೆಯ ಅಂಟನ್ನು ಕೆರೆದು ಕಾಂಕ್ರೀಟಿನವರೆಗೆ ಸ್ವಚ್ಛ ಮಾಡಿ, ಅದು ಒದ್ದೆಯಾಗಿದೆಯೇ ಎಂದು ಒಮ್ಮೆ ನೋಡಿ, ತೆಳುವಾಗಿ ಅಂಟು ಬಳಿದು, ಹದ ಬರುವವರೆಗೆ ಕಾದು, ಎತ್ತಿಟ್ಟ ಪೆಟ್ಟಿಗೆಯ ಟೈಲನ್ನು ಬೆಚ್ಚಗೆ ಮಾಡಿ ಕೂರಿಸಿ. ಆ ಒಂದು ಟೈಲಿಗೂ ಐದು ಪದರ ಪಾಲಿಶ್ ಹಚ್ಚಿ, ಅದು ಪೂರ್ತಿ ಗಟ್ಟಿಯಾಗುವವರೆಗೆ ಅದರ ಮೇಲೆ ಟೈರು ಹಾಯದಂತೆ ವಾಹನವನ್ನು ಕೆಲವು ದಿನ ಹೊರಗೇ ನಿಲ್ಲಿಸಿ.